ರೋಲಿನಲ್ಲಿ ಉಳಿದ ಐದು

ತಯಾರಿ ಇಲ್ಲದೆ ಕೆಲಸಕ್ಕೆ ಇಳಿದವರಿಗೆ ತಪ್ಪುಗಳಾಗುತ್ತವೆ. ತಯಾರಿ ಮಾಡಿಕೊಂಡು ಇಳಿದವರಿಗೆ ಫಜೀತಿಗಳಾಗುತ್ತವೆ. ಠಾಣೆಯ ಕನ್ನಡ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಪಾಠ ಮಾಡುವಷ್ಟರಲ್ಲಿ ನಾನು ಕಂಡುಕೊಂಡದ್ದು ಇಷ್ಟು. ಪಾಠದ ಟಿಪ್ಪಣಿ ಬರೆಯದೆ ಒಂದು ದಿನವೂ ತರಗತಿಗೆ ಕಾಲಿಟ್ಟವನಲ್ಲ ನಾನು. ಹಾಗಾಗಿ ಫಜೀತಿಗಳು ನನ್ನ ವಿಳಾಸ ಹುಡುಕಿಕೊಂಡು ಬರುತ್ತಲೇ ಇರುತ್ತವೆ. ತೊಂಬತ್ತರ ದಶಕದ ನಡುವೆ ಒಂದು ಮದುವೆಯ ಫೋಟೋ ತೆಗೆಯಲು ಹದಿನೈದು ದಿನ ತಯಾರಿ ನಡೆಸಿದೆ. ಆಗ ಅವು ಸಾಲುಗಟ್ಟಿ ಬಂದವು.

ಮೊದಲೇ ಹೇಳಿಬಿಡುತ್ತೇನೆ, ಕ್ಯಾಮರಾ ನನ್ನದಲ್ಲ, ನನ್ನ ಹೆಂಡತಿಯದು. ಗುಂಡಿ ಒತ್ತುವವಳು ಅವಳು, ಪುಸ್ತಕದಲ್ಲಿ ಬರೆದಿಡುವವನು ನಾನು. ಎಷ್ಟನೆಯ ಚಿತ್ರ, ಎಲ್ಲಿ, ಯಾರು, ಬಿಸಿಲೋ ಮೋಡವೋ, ಎಲ್ಲವೂ ನನ್ನ ಕೈಬರಹದಲ್ಲಿ ಇದೆ. ಆ ಮದುವೆಯ ಹಿಂದಿನ ಸೆಪ್ಟೆಂಬರಿನಲ್ಲಿ ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ. ಹದಿನೈದು ದಿನಕ್ಕೆ, ಸರಿಯಾಗಿ ಅಕ್ಟೋಬರಿನ ಸೆಖೆಯ ಹೊತ್ತಿಗೆ, ಡೊಂಬಿವಲಿಯ ನಮ್ಮ ಹಾಲ್‌ನ ಫ್ಯಾನೂ ನಿಂತುಹೋಯಿತು. ಅದನ್ನು ರಿಪೇರಿ ಮಾಡಿಸಲಿಲ್ಲ. ಸಮಾಧಾನ ಹೇಳಲು ಬಂದವರು ಐದು ನಿಮಿಷ ಬೆವರಿ ಎದ್ದು ಹೋಗುತ್ತಿದ್ದರು. ಅದು ನನಗೆ ಅನುಕೂಲವೇ ಆಗಿತ್ತು.

ಯಾವಾಗಲೂ ಕ್ಯಾಮರಾದ ಹಿಂದೆಯೇ ನಿಂತವಳ ಫೋಟೋ ಮನೆಯಲ್ಲಿ ಒಂದೂ ಇರಲಿಲ್ಲ. ರೈಲು ಪಾಸಿನ ಐಡಿ ಕಾರ್ಡಿನ ಚಿತ್ರವನ್ನೇ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದ್ದೆ. ಕಿವಿಯ ಹತ್ತಿರ ರೈಲ್ವೆಯ ಅರ್ಧ ಮೊಹರು ಹಾಗೇ ಉಳಿದಿತ್ತು.

ಮದುವೆ ನಮ್ಮ ಶಾಲೆಯ ಸಿಪಾಯಿಯ, ಅಂದರೆ ಜವಾನನ, ಮಗಳದು. ಬಿಜಾಪುರದ ಕಡೆಯವರು, ಠಾಣೆಯ ಪಕ್ಕದ ಕಳವಾ ಎಂಬಲ್ಲಿ ಒಂದೇ ಕೋಣೆಯ ಖೋಲಿಯಲ್ಲಿ ಸಂಸಾರ. ಹುಡುಗಿ ಹೊಲಿಗೆ ಕಲಿಯಲು ನಮ್ಮ ಮನೆಗೆ ಬರುತ್ತಿದ್ದಳು, ಜೊತೆಗೆ ಅವಳ ಅಜ್ಜಿ. ನನ್ನ ಹೆಂಡತಿ ಆ ಹುಡುಗಿಗೆ ಮಾತು ಕೊಟ್ಟಿದ್ದಳು: ನಿನ್ನ ಮದುವೆಯ ಫೋಟೋ ನಾನೇ ತೆಗೆಯುತ್ತೇನೆ, ಅದರಲ್ಲಿ ಅಜ್ಜಿಯನ್ನು ನಿನ್ನ ಪಕ್ಕದಲ್ಲಿ ಕೂರಿಸಿ ಒಂದು ತೆಗೆದೇ ತೆಗೆಯುತ್ತೇನೆ. ಇದು ಸಣ್ಣ ಮಾತಲ್ಲ. ಅಜ್ಜಿ ಹುಟ್ಟಿದಾಗಿನಿಂದ ಕ್ಯಾಮರಾದ ಮುಂದೆ ನಿಂತವರಲ್ಲ. "ಗ್ವಾಡಿ ಮ್ಯಾಲ ಫೋಟೋ ಆಗಿ ಕುಂತವ್ರೆಲ್ಲಾ ಸತ್ತವ್ರೇ ಅದಾರು. ನನಗೇನು ಅವಸರಿಲ್ಲ" ಎನ್ನುತ್ತಿದ್ದರು.

ಜನವರಿಯಲ್ಲಿ ಹುಡುಗಿ ಲಗ್ನಪತ್ರಿಕೆ ಹಿಡಿದು ಬಂದಳು. ಸ್ಟುಡಿಯೋದವರನ್ನು ಕರೆಸೋಣ ಎಂದು ಅಪ್ಪ ಹೇಳಿದರೆ ಬೇಡ ಎಂದಳಂತೆ. ನನ್ನ ಹೆಂಡತಿಯನ್ನು ಅವಳು ಬಾಯಾರು ಎಂದೇ ಕರೆಯುತ್ತಿದ್ದಳು. ನನ್ನೆದುರು ಹೇಳಿದ್ದು ಇಷ್ಟೇ: "ಬಾಯಾರು ಅಜ್ಜೀದೊಂದು ತೆಗೀತೀನಂದಿದ್ರು ಸರ್. ಅದೊಂದು ಇಲ್ಲಂದ್ರ ಉಳದದ್ದು ಯಾತಕ್ಕ?"

ತೆಗೆಯುತ್ತೇನೆ ಎಂದೆ. ಕ್ಯಾಮರಾ ಹೊರಗೆ ತೆಗೆದು ನೋಡಿದರೆ ಒಳಗೆ ಅವಳ ಕೊನೆಯ ರೋಲು. ಮೂವತ್ತಾರರಲ್ಲಿ ಮೂವತ್ತೊಂದು ಮುಗಿದಿದ್ದವು. ನನ್ನ ಪುಸ್ತಕದಲ್ಲಿ ಇದ್ದದ್ದು ಮೂವತ್ತೇ ಬರಹ. ಒಂದು ಚಿತ್ರ ಲೆಕ್ಕಕ್ಕೆ ಸಿಗದೆ ಉಳಿದಿತ್ತು. ರೋಲು ತೆಗೆದು ತೊಳೆಸಬೇಕೆಂದರೆ ಉಳಿದ ಐದನ್ನು ಮುಗಿಸಬೇಕು. ಹಾಗೇ ಹಾಳು ಮಾಡಿದರೆ ಅವಳಿಗೆ ಸರಿಬರುತ್ತಿರಲಿಲ್ಲ. ಐದನ್ನೂ ಮದುವೆಯ ತಾಲೀಮಿಗೆ ಬಳಸುವುದೆಂದು ತೀರ್ಮಾನಿಸಿ, ನಿಂತ ಫ್ಯಾನಿನ ಕೆಳಗೆ ಕುಳಿತು ಪಟ್ಟಿ ಬರೆದೆ.

ಮೂವತ್ತೆರಡು

ಅಕ್ಕಿಕಾಳು ಬೀಳುವ ಕ್ಷಣವೇ ಮದುವೆಯ ಮುಖ್ಯ ಚಿತ್ರ, ಅದೇ ಎಲ್ಲರ ಕೈತಪ್ಪುವುದು ಎಂದು ಡೊಂಬಿವಲಿಯ ಸ್ಟುಡಿಯೋದವನು ಎಚ್ಚರಿಸಿದ್ದ. ಕಾಳು ಗಾಳಿಯಲ್ಲಿರುವಾಗಲೇ ಒತ್ತಬೇಕು. ಅಭ್ಯಾಸಕ್ಕೆ ನಲವತ್ತು ಜನ ಬೇಕು. ನನ್ನ ಹತ್ತಿರ ನಲವತ್ತು ಜನ ಇದ್ದರು, ಐದನೆಯ ತರಗತಿಯಲ್ಲಿ.

ಕೊನೆಯ ಪೀರಿಯಡ್ಡಿನಲ್ಲಿ ಎಲ್ಲರಿಗೂ ಒಂದೊಂದು ಚಿಟಿಕೆ ಚಾಕ್‌ಪೀಸಿನ ಚೂರು ಹಂಚಿದೆ. ವಧುವಾಗಲು ಹುಡುಗಿಯರು ಯಾರೂ ಒಪ್ಪಲಿಲ್ಲ. ಹುಡುಗರಲ್ಲಿ ಇಬ್ಬರನ್ನು ಎಬ್ಬಿಸಿ ಮೇಜಿನ ಮುಂದೆ ನಿಲ್ಲಿಸಿದೆ. ಒಬ್ಬನ ತಲೆಗೆ ಟವೆಲ್ಲು ಸುತ್ತಿದೆವು, ಇನ್ನೊಬ್ಬನ ತಲೆಗೆ ಹುಡುಗಿಯೊಬ್ಬಳ ಓಢಣಿ. ಓಢಣಿಯವನು ಸಿಟ್ಟಿನಿಂದ ಕೆಂಪಾಗಿದ್ದ. ಅದೂ ವಧುವಿನ ನಾಚಿಕೆಯಂತೆಯೇ ಕಾಣುತ್ತಿತ್ತು, ಬಿಟ್ಟುಬಿಟ್ಟೆ. ನಾನು ಹಿಂದಿನ ಗೋಡೆಯ ಕಡೆ ನಿಂತು, ಮೂರು ಎಣಿಸುತ್ತೇನೆ, ಮೂರಕ್ಕೆ ಎಲ್ಲರೂ ಎಸೆಯಬೇಕು ಎಂದೆ.

ಮೂರು ಎನ್ನುವುದಕ್ಕೂ ಶಾಲಾ ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆಂದು ಮೇಜಿನ ಪಕ್ಕದ ಬಾಗಿಲಿನಿಂದ ಒಳಗೆ ಬರುವುದಕ್ಕೂ ಸರಿಹೋಯಿತು. ನಲವತ್ತು ಮಕ್ಕಳು ಇಷ್ಟು ವಿಧೇಯರಾಗಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಚಾಕ್ ಬಿತ್ತು, ಫ್ಲ್ಯಾಶ್ ಹೊಡೆಯಿತು. ಸಾಹೇಬರು ವಧೂವರರ ನಡುವೆ ತಲೆ ತುಂಬ ಬಿಳಿ ಹೊತ್ತು ನಿಂತಿದ್ದರು.

ಕನ್ನಡಕ ಒರೆಸಿಕೊಂಡು, ಇದು ಯಾವ ವಿಷಯದ ಪೀರಿಯಡ್ಡು ಎಂದು ಕೇಳಿದರು. ವೇಳಾಪಟ್ಟಿಯಲ್ಲಿ ಏನಿತ್ತೋ ಅದನ್ನೇ ಹೇಳಿದೆ: "ಪರಿಸರ ಅಭ್ಯಾಸ, ಸರ್." ಓಢಣಿ ಹೊದ್ದ ಹುಡುಗನನ್ನು ಅವರು ಬಹಳ ಹೊತ್ತು ನೋಡಿದರು. ಆಮೇಲೆ ಅಭಿಪ್ರಾಯ ದಾಖಲಿಸುವ ಶಾಲೆಯ ಶೇರಾ ಪುಸ್ತಕದಲ್ಲಿ ಬರೆದು ಹೋದರು: "ಮಕ್ಕಳ ಸಹಭಾಗ ಉತ್ತಮ. ಶಿಕ್ಷಕರು ಚಾಕ್ ಮಿತವಾಗಿ ಬಳಸತಕ್ಕದ್ದು."

ಮೂವತ್ಮೂರು

ಫ್ಲ್ಯಾಶಿನ ಬೆಳಕು ಎಷ್ಟು ಅಡಿಯವರೆಗೆ ಹೋಗುತ್ತದೆಂದು ಪುಸ್ತಕದಲ್ಲಿ ಓದಿದ್ದೆ. ಹಾಗಾದರೆ ಮದುವೆಯ ಜಾಗವನ್ನು ಅಳೆಯಬೇಕು. ಕಳವಾ ಊರಿನ ಗಲ್ಲಿಯೊಂದರ ಕೊನೆಯಲ್ಲಿರುವ ಸಣ್ಣ ಸಭಾಗೃಹ ಅದು. ಗಲ್ಲಿಯ ಬಾಯಿಯಲ್ಲಿ ವರನನ್ನು ಎದುರುಗೊಳ್ಳುವ ಶಾಸ್ತ್ರ ಇದ್ದುದರಿಂದ ಗಲ್ಲಿಯನ್ನೂ ಅಳೆಯುವುದೆಂದು, ಶಾಲೆಯಲ್ಲಿ ಉದ್ದ ಜಿಗಿತಕ್ಕೆ ಬಳಸುವ ಟೇಪು ತೆಗೆದುಕೊಂಡು ಹೋದೆ. ಇನ್ನೊಂದು ತುದಿ ಹಿಡಿಯಲು ಸಿಪಾಯಿಯೇ ಬಂದ. ಶಾಲೆ ಬಿಟ್ಟು ನೇರ ಬಂದಿದ್ದರಿಂದ ಅವನ ಮೈಮೇಲೆ ಖಾಕಿ ಯೂನಿಫಾರ್ಮು. ನನ್ನದು ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಕಂಕುಳಲ್ಲಿ ಉದ್ದನೆಯ ನೋಟ್‌ಬುಕ್ಕು.

ಖಾಕಿಯವನೊಬ್ಬ ಟೇಪು ಹಿಡಿದು, ಬಿಳಿ ಅಂಗಿಯವನೊಬ್ಬ ಬರೆದುಕೊಳ್ಳುತ್ತ ಬಂದರೆ ಆ ಕಾಲದಲ್ಲಿ ಅಲ್ಲಿನ ಗಲ್ಲಿಗಳಿಗೆ ಒಂದೇ ಅರ್ಥ: ನಗರಪಾಲಿಕೆಯವರು ಒತ್ತುವರಿ ಅಳೆಯಲು ಬಂದಿದ್ದಾರೆ, ನಾಳೆ ಒಡೆಯುತ್ತಾರೆ. ಇದು ನನಗೆ ಹೊಳೆಯಲಿಲ್ಲ. ಅಳೆಯುವಾಗ ನಾನು ಅಂಕಿಗಳನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ. ಹಿಂದಿನಿಂದ ತಗಡು ಎಳೆಯುವ ಸದ್ದು ಬರುತ್ತಿತ್ತು. ಸಂಜೆ, ಅಂಗಡಿ ಮುಚ್ಚುತ್ತಿದ್ದಾರೆ ಎಂದುಕೊಂಡೆ.

ಪಾನ್ ಅಂಗಡಿಯವನು ಕೈಮುಗಿದು ಬಂದು, "ಸಾಬ್, ಕಿತ್ನಾ ಅಂದರ್ ಲೂಂ?" ಎಂದು ಕೇಳಿದ. ಎಷ್ಟು ಒಳಗೆ ಸರಿಯಲಿ ಎಂದಲ್ಲವೇ, ಫೋಟೋಕ್ಕೆ ಅಡ್ಡ ಬರಬಾರದೆಂಬ ಕಾಳಜಿ ಎಷ್ಟಿದೆ ಎಂದು ಮೆಚ್ಚಿಕೊಂಡು, ಎರಡು ಅಡಿ ಸಾಕು, ಸಾಲು ನೇರ ಇರಲಿ ಎಂದೆ. ಗಲ್ಲಿಯ ತುದಿಯಿಂದ ತಿರುಗಿ ನಿಂತು ದೂರ ಪರೀಕ್ಷಿಸಲು ಒಂದು ಫೋಟೋ ತೆಗೆದೆ. ಪುರಾವೆಯ ಫೋಟೋ ಎಂದುಕೊಂಡು, ಇನ್ನೂ ಸರಿಯದೆ ಉಳಿದಿದ್ದ ಇಬ್ಬರು ಅಂಗಡಿಯವರು ತಮ್ಮ ಮೆಟ್ಟಿಲುಗಳನ್ನೂ ಎತ್ತಿ ಒಳಗಿಟ್ಟರು.

ಸಿಪಾಯಿಗೆ ಎಲ್ಲ ಗೊತ್ತಾಗಿತ್ತು, ನನಗೆ ಹೇಳಿದ್ದು ಗಲ್ಲಿ ದಾಟಿದ ಮೇಲೆ. ಯಾಕೆ ಮೊದಲೇ ಹೇಳಲಿಲ್ಲವೆಂದು ಕೇಳಿದೆ. "ಬ್ಯಾಂಡಿನವ್ರು ಹೆಂಗ ಒಳಗ ಬರ್ತಾರೋ ಅಂತ ಒಂದು ತಿಂಗಳಿಂದ ಚಿಂತಿ ಇತ್ರೀ ಸರ್" ಎಂದ.

ಮೂವತ್ನಾಲ್ಕು

ವರನ ಕಡೆಯವರ ಮುಖ ಪರಿಚಯ ಇಲ್ಲದೆ ಹೋದರೆ ಮುಖ್ಯವಾದವರು ಬಿಟ್ಟುಹೋಗುತ್ತಾರೆ. ಆದ್ದರಿಂದ ಭಾನುವಾರ ಸಾನಪಾಡಾದ ಅವರ ಮನೆಗೆ ಹೋದೆ. ಗುಲ್ಬರ್ಗದ ಕಡೆಯ ಕುಟುಂಬ, ಒಂದೇ ಕಟ್ಟಡದಲ್ಲಿ ಮೂರು ಮನೆ. ಎಲ್ಲರನ್ನೂ ಒಬ್ಬೊಬ್ಬರಾಗಿ ನಿಲ್ಲಿಸಿ, ಹೆಸರು, ಸಂಬಂಧ ಬರೆದು, ಕ್ರಮಸಂಖ್ಯೆ ಕೊಟ್ಟೆ. ಹಾಜರಿ ಕರೆದ ಹಾಗೆ ಸುಲಭವಾಗಿ ನಡೆಯುತ್ತಿತ್ತು. ವರನ ಸೋದರಮಾವ ನನ್ನ ಹೆಗಲ ಮೇಲಿನಿಂದ ಇಣುಕಿ, ತಾನು ಏಳನೆಯವನು ಎಂದು ಓದುವ ತನಕ.

ಅವರು ಕಟ್ಟಡದ ಕೆಲಸದವರ ಮೇಸ್ತ್ರಿ, ಮುಕಾದಮರು, ದೊಡ್ಡ ಮೀಸೆ. ನೇರ ಬಾಗಿಲಿಗೆ ಹೋದರು. ಚಪ್ಪಲಿ ಮೆಟ್ಟಿಕೊಂಡರು. ಮದುವೆಗೆ ಒಂಬತ್ತು ದಿನ ಇರುವಾಗ ಸೋದರಮಾವ ಮುನಿದರೆ ಏನಾಗುತ್ತದೆಂದು ಅಲ್ಲಿದ್ದ ಹೆಂಗಸರ ಮುಖದಲ್ಲೇ ಕಾಣುತ್ತಿತ್ತು. ಅವರನ್ನು ಒಂದಕ್ಕೆ ತರೋಣವೆಂದರೆ ಅಲ್ಲಿ ವರನ ಅಪ್ಪ ಇದ್ದಾರೆ. ಅಕಾರಾದಿಯಾಗಿ ಬರೆಯುತ್ತೇನೆ, ಯಾರಿಗೂ ಬೇಸರ ಬೇಡ ಎಂದೆ. ಎಲ್ಲರೂ ಒಪ್ಪಿದರು. ಹೊಸ ಪಟ್ಟಿಯಲ್ಲಿ ಅವರು ಕೊನೆಯವರಾದರು.

ಆಗ ಇಪ್ಪತ್ತೆರಡು ವರ್ಷದ ಅನುಭವ ಕೈಹಿಡಿಯಿತು. ಅವರ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ: "ನಮ್ಮ ಹಾಜರಿ ಪುಸ್ತಕದಲ್ಲಿ ಕಟ್ಟಕಡೆಗೆ ಬರುವುದು ಹೆಡ್‌ಮಾಸ್ತರರ ಸಹಿ. ಅದಿಲ್ಲದೆ ಮೇಲಿನ ಯಾವ ಹೆಸರೂ ನಡೆಯುವುದಿಲ್ಲ."

ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. ಹೆಡ್‌ಮಾಸ್ತರರ ಫೋಟೋ ಹೇಗೆ ಬರುತ್ತದೆಂದು ಈಗಲೇ ನೋಡಬೇಕೆಂದೂ ಹೇಳಿದರು. ಹೀಗೆ ಮೂವತ್ನಾಲ್ಕನೆಯದು ಹೋಯಿತು. ಮದುವೆಯ ದಿನ ನಾನು ಯಾವ ಗುಂಪನ್ನು ನಿಲ್ಲಿಸಿದರೂ, ವಧುವಿನ ಗೆಳತಿಯರ ಗುಂಪನ್ನೂ ಸೇರಿಸಿ, ಕೊನೆಯ ಗಳಿಗೆಯಲ್ಲಿ ಅವರು ಬಂದು ಬಲತುದಿಗೆ ನಿಂತು ಮೀಸೆ ತಿರುವುತ್ತಿದ್ದರು. ಸಹಿ ಇಲ್ಲದ ಹಾಳೆ ಆಲ್ಬಮ್ಮಿನಲ್ಲಿ ಒಂದೂ ಇಲ್ಲ.

ಮೂವತ್ತೈದು

ಇದನ್ನು ನಾನು ಒತ್ತಲಿಲ್ಲ. ಮಧ್ಯ ರೈಲ್ವೆಯ ಸಂಜೆಯ ನೂಕುನುಗ್ಗಲು, ಆ ಗರ್ದಿ, ಒತ್ತಿತು.

ಫ್ಲ್ಯಾಶಿನ ಬ್ಯಾಟರಿ ಬದಲಿಸಿಕೊಂಡು, ಕ್ಯಾಮರಾ ಕೊರಳಿಗೆ ಹಾಕಿ ಠಾಣೆಯಲ್ಲಿ ಕಲ್ಯಾಣ ಲೋಕಲ್ ಹತ್ತಿದೆ. ಹತ್ತಿದೆ ಎನ್ನುವುದು ಸರಿಯಲ್ಲ, ಹತ್ತಿಸಲ್ಪಟ್ಟೆ. ಕಳವಾ ದಾಟುವಷ್ಟರಲ್ಲಿ ಕ್ಯಾಮರಾ ನನ್ನ ಎದೆ ಮತ್ತು ಒಬ್ಬರ ಟಿಫಿನ್ ಡಬ್ಬಿಯ ನಡುವೆ ಸಿಕ್ಕಿಕೊಂಡಿತು. ನನ್ನ ಪಕ್ಕದಲ್ಲೇ ನಾಲ್ಕನೆಯ ಸೀಟಿಗಾಗಿ ಜಗಳ ನಡೆದಿತ್ತು. ಮೂವರು ಕೂರುವ ಬೆಂಚಿನಲ್ಲಿ ನಾಲ್ಕನೆಯವನಿಗೆ ಸಿಗುವ ಅಂಗೈಯಗಲದ ಆ ಜಾಗಕ್ಕಾಗಿ ಇಬ್ಬರು ಒಬ್ಬರ ಕಾಲರ್ ಇನ್ನೊಬ್ಬರು ಹಿಡಿದಿದ್ದರು. ಆಗ ಟಿಫಿನ್ ಡಬ್ಬಿ ಒತ್ತಿ ಫ್ಲ್ಯಾಶ್ ಹೊಡೆಯಿತು.

ಬೋಗಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಯಾವ ಪೇಪರು ಎಂದು ಯಾರೋ ಮರಾಠಿಯಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಾಲರ್‌ಗಳು ಸಡಿಲಾದವು. ನೀವು ಕೂತುಕೊಳ್ಳಿ ಎಂದು ಇವರು, ಛೆ, ನೀವು ಹಿರಿಯರು ಎಂದು ಅವರು. ಆಚೆ ತುದಿಯಲ್ಲಿ ತೂಕಡಿಸುತ್ತಿದ್ದ, ಲೋಕಲ್ಲಿನಲ್ಲಿ ದಿನಾ ಹಾಡುವ ಭಜನೆಯವರು ತಾಳ ಹೊರಗೆ ತೆಗೆದು, ಮೊದಲಿನಿಂದ ಶುರುಮಾಡಿದರು. ಕಿಟಕಿಯ ಪಕ್ಕದಲ್ಲಿದ್ದವರು ತಲೆ ಬಾಚಿಕೊಂಡರು.

ನಾನು ಶಾಲಾ ಮಾಸ್ತರ ಎಂದೆ, ಮದುವೆಯ ಫೋಟೋ ತೆಗೆಯಲು ಕಲಿಯುತ್ತಿದ್ದೇನೆ ಎಂದೆ. ಗುಟ್ಟಿನ ಕೆಲಸಕ್ಕೆ ಬಂದ ಪತ್ರಕರ್ತರು ಹೀಗೇ ಹೇಳುತ್ತಾರೆಂದು ಒಬ್ಬರು ಉಳಿದವರಿಗೆ ವಿವರಿಸಿದರು. ಕೊನೆಗೆ ಆ ನಾಲ್ಕನೆಯ ಸೀಟಿಗೆ ನನ್ನನ್ನೇ ಕೂರಿಸಿದರು. ಮುಂಬ್ರಾದಿಂದ ಡೊಂಬಿವಲಿಯವರೆಗೆ ಕುಳಿತುಕೊಂಡು ಹೋದೆ. ಅಷ್ಟು ವರ್ಷಗಳಲ್ಲಿ ಸಂಜೆಯ ಲೋಕಲ್ಲಿನಲ್ಲಿ ನಾನು ಕುಳಿತದ್ದು ಅದೊಂದೇ ಸಲ. ಇಳಿಯುವಾಗ ದಾರಿ ಬಿಟ್ಟ ಜಗಳದವರಲ್ಲಿ ಒಬ್ಬರು ತಮ್ಮ ಹೆಸರನ್ನು ಚೀಟಿಯಲ್ಲಿ ಬರೆದು ಕೊಟ್ಟು, ಅಕ್ಷರ ತಪ್ಪಾಗದಂತೆ ನೋಡಿಕೊಳ್ಳಿ ಎಂದರು.

ಮೂವತ್ತಾರು

ಕೊನೆಯದನ್ನು ಅಜ್ಜಿಗೆಂದು ಉಳಿಸಿದ್ದೆ. ಮದುವೆಯ ದಿನ ಒಮ್ಮೆಗೇ ಕೇಳಿದರೆ ಒಪ್ಪಲಾರರು, ಮೊದಲೇ ಒಂದು ಸಲ ಅಭ್ಯಾಸವಾದರೆ ಭಯ ಹೋಗುತ್ತದೆ ಎಂಬುದು ನನ್ನ ಯೋಜನೆ. ಮಕ್ಕಳಿಗೆ ಪರೀಕ್ಷೆಯ ಮೊದಲು ನಾವು ಮಾಡುವುದೂ ಅದನ್ನೇ.

ಅಜ್ಜಿ ಖೋಲಿಯ ಮುಂದೆ ಕೂತು ಮದುವೆಯ ಅಕ್ಕಿ ಕೇರುತ್ತಿದ್ದರು. ಅದು ಇದು ಮಾತಾಡುತ್ತ ಕ್ಯಾಮರಾ ಮೆಲ್ಲಗೆ ಎತ್ತಿದೆ. ಒತ್ತುವಷ್ಟರಲ್ಲಿ ಕೈಯಲ್ಲಿದ್ದ ಮೊರ ಮುಖದ ಮುಂದೆ ಬಂತು. ಮೂವತ್ತಾರನೆಯ ಚಿತ್ರದಲ್ಲಿ ಮೊರವೊಂದು ಬಹಳ ಚೆನ್ನಾಗಿ ಬಂದಿದೆ, ಒಂದೊಂದು ಹೆಣಿಗೆಯನ್ನೂ ಎಣಿಸಬಹುದು.

ಮೊರ ಇಳಿಸದೆ, ಅದರ ಹಿಂದಿನಿಂದಲೇ ಅಜ್ಜಿ ಮಾತಾಡಿದರು.

"ಮಾಸ್ತರ್ರ, ಗ್ವಾಡಿ ಮಾತು ಹುಡುಗೀಗೆ ಹೇಳೂದು. ಖರೇ ಮಾತು ಬ್ಯಾರೆ ಐತಿ."

ಆಮೇಲೆ ಹೇಳಿದರು. ಹಿಂದಿನ ಜೂನಿನಲ್ಲಿ, ನಾನು ಶಾಲೆಗೆ ಹೋಗಿದ್ದಾಗ, ನನ್ನ ಹೆಂಡತಿ ಇವರನ್ನು ಕೂರಿಸಿ ಫೋಟೋ ತೆಗೆಯಲು ಹೊರಟಿದ್ದಳಂತೆ. ಮೊದಲು ನಿಮ್ಮದು ನಾನು ಒತ್ತುತ್ತೇನೆ, ನಿಮಗೆ ಏನೂ ಆಗದಿದ್ದರೆ ಆಮೇಲೆ ನನ್ನದು ತೆಗೆಯಿರಿ ಎಂದು ಅಜ್ಜಿ ಶರತ್ತು ಹಾಕಿದರಂತೆ. ಅವಳು ನಕ್ಕು, ಕ್ಯಾಮರಾ ಅವರ ಕೈಗೆ ಕೊಟ್ಟು, ಯಾವುದನ್ನು ಒತ್ತಬೇಕೆಂದು ತೋರಿಸಿ, ಎದುರಿಗೆ ನಿಂತಳಂತೆ.

"ನಾ ಒತ್ತಿದೆ. ಮೂರು ತಿಂಗಳಿಗೆ ಆಕಿ ಹೋದಳು. ಈಗ ನನ್ನ ಮೊಮ್ಮಗಳ ಬಾಜೂಕ ಕುಂಡ್ರಸಿ ಒತ್ತತೀನಂತೀರಿ. ನಾ ಮುದುಕಿ, ನನಗೇನಾರ ಆಗ್ಲಿ. ಆ ಕೂಸಿಗೇನಾರ ಆದ್ರ?"

ಡಾಕ್ಟರರು ಹೇಳಿದ ಕಾರಣವನ್ನು, ಕಾಯಿಲೆ ಎಂದಿನಿಂದ ಇತ್ತೆಂಬುದನ್ನು ತಿಂಗಳು ಸಹಿತ ವಿವರಿಸಿದೆ. ಅಜ್ಜಿ ಎಲ್ಲವನ್ನೂ ಕೇಳಿ, ಪಾಠ ಚಲೋ ಹೇಳತೀರಿ ಎಂದರು. ಮೊರ ಮಾತ್ರ ಇಳಿಯಲಿಲ್ಲ.

ಮೂವತ್ತೊಂದು

ಮದುವೆಯ ಹಿಂದಿನ ದಿನ ಸ್ಟುಡಿಯೋದಿಂದ ಪ್ರಿಂಟುಗಳು ಬಂದವು. ಅಂಗಡಿಯ ಮುಂದೆಯೇ ನಿಂತು ಎಣಿಸಿ ಮೂವತ್ತೊಂದನೆಯದನ್ನು ಹೊರತೆಗೆದೆ. ಎಂಟು ತಿಂಗಳ ಹಿಂದಿನ ನಮ್ಮ ಹಾಲ್ ಅದು. ಚಿತ್ರದ ತುಂಬ ಛಾವಣಿ, ನಡುವೆ ನಮ್ಮ ಫ್ಯಾನು, ರೆಕ್ಕೆ ಮಬ್ಬಾಗುವಷ್ಟು ಜೋರಾಗಿ ತಿರುಗುತ್ತಿದೆ. ತೀರ ಕೆಳಗಿನ ಅಂಚಿನಲ್ಲಿ ಒಂದು ಕೈ, ಮೂರು ಹಸಿರು ಬಳೆ. ಕೆಳಗೆ ಹಿಡಿಯಿರಿ, ಇನ್ನೂ ಕೆಳಗೆ ಎಂದು ಹೇಳುತ್ತಿರುವ ಕೈ. ಅದರ ಕೆಳಗೆ ಚಿತ್ರ ಮುಗಿದಿದೆ.

ಆ ಕೈಯನ್ನು ಎಷ್ಟು ಹೊತ್ತು ನೋಡಿದೆನೆಂದು ಬರೆದಿಟ್ಟಿಲ್ಲ.

ಮರುದಿನ ಬೆಳಿಗ್ಗೆ ಸಭಾಗೃಹದಲ್ಲಿ ಅಜ್ಜಿ ಕಂಬದ ಹಿಂದೆ ಕೂತಿದ್ದರು. ಮೊಮ್ಮಗಳು ಹಸಿರು ಸೀರೆಯಲ್ಲಿ ಪಕ್ಕದ ಕುರ್ಚಿ ಖಾಲಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನು ಪ್ರಿಂಟು ಅಜ್ಜಿಯ ಕೈಗೆ ಕೊಟ್ಟೆ. ಅವರು ಮೊದಲು ಕಣ್ಣು ಮುಚ್ಚಿದರು. ಆಮೇಲೆ ಒಂದೇ ಕಣ್ಣು ತೆರೆದರು.

"ಆಕಿ ಎಲ್ಲಿ?"

"ಇಗೋ, ಈ ಕೈ."

"ಉಳದಾಕಿ?"

"ಉಳಿದವಳು ನಿಮಗೆ ಸಿಗಲೇ ಇಲ್ಲ ಅಜ್ಜಿ. ನೀವು ಒತ್ತಿದ್ದು ಫ್ಯಾನಿಗೆ."

ಇನ್ನೊಂದು ಕಣ್ಣೂ ತೆರೆಯಿತು. ಚಿತ್ರವನ್ನು ಹತ್ತಿರ ಹಿಡಿದರು, ದೂರ ಹಿಡಿದರು, ತಲೆಕೆಳಗು ಮಾಡಿ ನೋಡಿದರು. ಹೆಗಲು ಕುಲುಕಲು ಶುರುವಾಯಿತು. ಅಳುತ್ತಿದ್ದಾರೆ ಎಂದುಕೊಂಡೆ, ನಗುತ್ತಿದ್ದರು. ನಕ್ಕು ಮುಗಿದು ಸೆರಗಿನಿಂದ ಕಣ್ಣೊರೆಸಿಕೊಂಡ ಮೇಲೆ, ಏನೋ ನೆನಪಾದಂತೆ ಮುಖ ಗಂಭೀರವಾಯಿತು.

"ಹಂಗಾರ ಮಾಸ್ತರ್ರ, ಆ ಫ್ಯಾನ್ ಹೆಂಗೈತಿ? ಆರಾಮ ಐತಿಲ್ಲೋ?"

ಇಪ್ಪತ್ತೆರಡು ವರ್ಷಗಳಲ್ಲಿ ತಪ್ಪು ಉತ್ತರಕ್ಕೆ ಅರ್ಧ ಮಾರ್ಕನ್ನೂ ಕೊಟ್ಟವನಲ್ಲ ನಾನು. ಆ ಖಾಲಿ ಕುರ್ಚಿಯನ್ನು ಒಮ್ಮೆ ನೋಡಿದೆ.

"ಗರಗರ ತಿರುಗತೈತ್ರಿ" ಎಂದೆ, ಅವರ ಮಾತಿನಲ್ಲೇ.

ಅಜ್ಜಿ ಎದ್ದರು. ಹೋಗಿ ಮೊಮ್ಮಗಳ ಪಕ್ಕದಲ್ಲಿ ಕುಳಿತು, ಸೆರಗು ಸರಿಮಾಡಿಕೊಂಡು, ಕ್ಯಾಮರಾವನ್ನು ನೇರವಾಗಿ ನೋಡಿದರು. ಹುಡುಗಿ ಅವರ ಕೈ ಹಿಡಿದಿದ್ದಳು. ಅಕ್ಕಿಕಾಳಿನ ಚಿತ್ರ ಸ್ವಲ್ಪ ಅಲುಗಿದೆ, ಊಟದ ಪಂಕ್ತಿಯ ಒಂದು ಚಿತ್ರದಲ್ಲಿ ನನ್ನ ಬೆರಳು ಬಂದಿದೆ. ಆದರೆ ಇದೊಂದು ಕೂದಲೆಳೆಯಷ್ಟೂ ತಪ್ಪಿಲ್ಲದೆ ಬಂದಿದೆ. ಬಲತುದಿಯಲ್ಲಿ ಸೋದರಮಾವನ ಅರ್ಧ ಮೀಸೆಯೂ ಇದೆ.

ಹೊರಡುವಾಗ ಅಜ್ಜಿ ಹೇಳಿದರು, ಬರುವ ಐತವಾರ ಬಂದು ಫ್ಯಾನು ನೋಡುತ್ತೇನೆ. ನಾನು ಮದುವೆಯ ಊಟದ ಕೈ ಒಣಗುವ ಮೊದಲೇ ಡೊಂಬಿವಲಿಗೆ ಬಂದು ವಾಯರ್‌ಮನ್‌ನನ್ನು ಹುಡುಕಿದೆ. ಫ್ಯಾನು ಇಳಿಸಿ, ಸುರುಳಿ ಸುತ್ತಿಸಿ, ಶನಿವಾರ ಸಂಜೆ ತೂಗುಹಾಕಿಸಿದೆ.

ಭಾನುವಾರ ಅಜ್ಜಿ ಬಂದವರೇ ಅದರ ಕೆಳಗೆ ನಿಂತು ಕತ್ತೆತ್ತಿ ಬಹಳ ಹೊತ್ತು ನೋಡಿದರು. ಇದಕ್ಕೆ ಇನ್ನೂ ಆಯುಷ್ಯ ಇದೆ ಎಂದರು. ಗೋಡೆಯ ಮೇಲಿನ ರೈಲು ಪಾಸಿನ ಚಿತ್ರ ನೋಡಿ, ಇದು ಆಕೆಯಲ್ಲ, ಯಾವುದೋ ಆಫೀಸಿನವರು ಎಂದರು. ಅದರ ಪಕ್ಕಕ್ಕೆ ನಾನು ಹಾಕಿದ್ದ ಮೂವತ್ತೊಂದನೆಯದನ್ನು ನೋಡಿ, ಹಾಂ, ಇದು ಆಕೆ ಎಂದರು.

ಚಹ ಕುಡಿದು ಲೋಟ ಕೆಳಗಿಟ್ಟ ಮೇಲೆ ಮೇಜಿನ ಮೇಲಿದ್ದ ಕ್ಯಾಮರಾದತ್ತ ಕೈ ಚಾಚಿದರು.

"ತರ್ರಿ ಇಲ್ಲೆ. ಈಗ ನಿಮ್ದೊಂದು ಒತ್ತತೀನಿ."

ಅವರು ಎಲ್ಲಿಗೆ ಗುರಿ ಹಿಡಿಯುತ್ತಾರೆಂಬುದು ನನಗೆ ಗೊತ್ತಿತ್ತು. ಕ್ಯಾಮರಾ ಕೊಟ್ಟೆ. ಫ್ಯಾನು ಆರಿಸಿದೆ. ಅದು ಪೂರ್ತಿ ನಿಂತದ್ದನ್ನು ಖಚಿತಪಡಿಸಿಕೊಂಡು, ಸ್ಟೂಲು ಎಳೆದು, ಅದರ ಮೇಲೆ ಹತ್ತಿ ನಿಂತೆ.